ಆರು ಮಂದಿಯ ಪರವಾನಗಿ

ಝೆರಾಕ್ಸ್ ಯಂತ್ರದ ಹಸಿರು ಬೆಳಕು ಮುಚ್ಚಳದಡಿ ಆ ಕಡೆಯಿಂದ ಈ ಕಡೆಗೆ ಜಾರಿತು, ಯಾರದೋ ಆಧಾರ್ ಕಾರ್ಡು, ಒಂದಿದ್ದದ್ದು ಎರಡಾಯಿತು, ಎಷ್ಟು ಸಲೀಸು ನೋಡು ಒಬ್ಬನನ್ನು ಇಬ್ಬರಾಗಿಸುವುದು, ಗಿರಾಕಿ ಹೋದ, ಬ್ಯಾಡಗಿಯ ಬಿಸಿಲು ಮಧ್ಯಾಹ್ನ, ಅಂಗಡಿಯಲ್ಲಿ ಕೊಟ್ರೇಶ ಒಬ್ಬನೇ — ಒಬ್ಬನೇ ಹೇಗೆ, ಕಂಪ್ಯೂಟರಿನೊಳಗೆ ತಿದ್ದಪ್ಪನ ಬಳಗ ಕೂತಿದೆಯಲ್ಲ. ತಿದ್ದಪ್ಪ ಅಂದರೆ ಸಿದ್ದಪ್ಪನ ತಮ್ಮನಲ್ಲ, ಕನ್ನಡದ ಕಾಗುಣಿತ ತಿದ್ದುವ ತಂತ್ರಾಂಶ, ಕೊಟ್ರೇಶ ಬರೆದು ಎಲ್ಲರಿಗೂ ತೆರೆದಿಟ್ಟದ್ದು, ಪದ ಸೇರಿಸಲು ಬರ್ರಿ ಎಂದು ಕರೆದು ವರ್ಷವಾದರೂ ಒಂದು ನರಪಿಳ್ಳೆಯೂ ಬರಲಿಲ್ಲ, ಖಾಲಿ ಚಪ್ಪರಕ್ಕೆ ಯಾರು ಬರುತ್ತಾರೆ, ಪದ ಕೊಟ್ಟವರೆಂದು ತಾನೇ ನಾಲ್ಕು ಹೆಸರು ಹುಟ್ಟಿಸಿದ, ಐರಣಿಯ ಪ್ರಭುಲಿಂಗಪ್ಪ ಮಾಸ್ತರು, ಹಾವೇರಿಯ ಫಕ್ಕೀರಸಾಬ, ಇನ್ನಿಬ್ಬರು, ಗದ್ದಲ ಕೇಳಿದಂತಾಗಿ ರಾಣೆಬೆನ್ನೂರಿನಿಂದ ಪುಷ್ಪಲತಾ ಬಂದಳು, ಟೈಪಿಂಗ್ ಕ್ಲಾಸು ನಡೆಸುವವಳು, ಖರೇ ಬಂದವಳು ಅವಳೊಬ್ಬಳೇ. ಬಂದಳೆಂದರೆ ಫೋನಿನಲ್ಲಿ, ಶನಿವಾರಕ್ಕೊಮ್ಮೆ, ಈ ವಾರದ ಪದ ಕಳಿಸೇನಿ, ಯಾರಿಗೆ ಕೊಡ್ತೀರಿ, ಏನ್ ಮಾಡ್ತೀರಿ, ನನ್ನ ಕೇಳಿ ಕೊಡ್ರಿ ಮತ್ತ — ಕೇಳದೆ ಇರುತ್ತಾನೆಯೇ, ಕೇಳುವುದಕ್ಕೇ ಅಲ್ಲವೇ ಮೂರು ವರ್ಷ ಪರವಾನಗಿಯ ಷರತ್ತು ಬರೆಯದೆ ಉಳಿಸಿದ್ದು, ಅವರೂ ಅಂಗಡಿಗೆ ಬಂದಿದ್ದಾರೆಂದು ಫೋನು ಕೊಟ್ಟಂತೆ ಮಾಡಿ, ಒಮ್ಮೆ ಮಾಸ್ತರ ಗೊಗ್ಗರು ದನಿಯಲ್ಲಿ, ಒಮ್ಮೆ ಫಕ್ಕೀರಸಾಬನ ಕೆಮ್ಮಿನಲ್ಲಿ ತಾನೇ ಮಾತಾಡಿ, ಒಂದು ಶನಿವಾರವನ್ನು ನಾಲ್ಕು ಮಾಡಿಕೊಂಡ. ಈಗ ಹಾವೇರಿ ಕೋರ್ಟಿನ ಟೈಪಿಸ್ಟರಿಗೆ ತಿದ್ದಪ್ಪ ಬೇಕಂತೆ, ಯಾವ ಪರವಾನಗಿ ಎಂದು ಕೇಳಿದ್ದಾರೆ, ಪುಷ್ಪಲತಾ ಎರಡು ಆರಿಸಿ ಕಳಿಸಿದಳು, ತಿದ್ದಿ ಹಂಚಿದವರು ತಮ್ಮದನ್ನೂ ತೆರೆದಿಡಬೇಕು ಅನ್ನುವುದೊಂದು, ಏನಾದರೂ ಮಾಡಿಕೊಳ್ಳಿ ಹೆಸರಷ್ಟೇ ಉಳಿಸಿ ಅನ್ನುವುದೊಂದು, ಯಾವುದಾದರೂ ಅಷ್ಟೆ, ಬರೆದ ಮೇಲೆ ಯಾರೂ ಯಾರನ್ನೂ ಕೇಳಬೇಕಿಲ್ಲ, ಕೇಳಬೇಕಿಲ್ಲವೆಂದರೆ ಶನಿವಾರವೇ ಇಲ್ಲ. ಹೆಸರು ಉಳಿಸುವುದನ್ನೇ ಆರಿಸಿದ, ಎಲ್ಲಿ ಹೋದರೂ ಅವಳ ಹೆಸರಿನ ಮಗ್ಗುಲಿಗೆ ತನ್ನದು — ಪದ ಕೊಟ್ಟವರೆಲ್ಲ ಒಪ್ಪಬೇಕಲ್ರೀ, ಆರೂ ಮಂದಿ, ಬರದು ಕೊಡಬೇಕು, ಅಂದಳು, ನಿನ್ನೆ ಕೂತು ಐದು ಪತ್ರ ಬರೆದ, ತನ್ನದೊಂದು, ಇಲ್ಲದವರವು ನಾಲ್ಕು, ಒಂದೊಂದಕ್ಕೂ ಅಕ್ಷರದ ವಾಲು ಬದಲಿಸಿ, ಫೋಟೊ ತೆಗೆದು ಅವಳಿಗೆ ಕಳಿಸಿದ. ಫೋನು, ಸೋಮವಾರ, ಅವಳೇ! ಮಾಸ್ತರಿಗೆ ಕೊಡ್ರಿ ಅಂದಳು, ಇವನು ದನಿ ಗೊಗ್ಗರು ಮಾಡಿಕೊಂಡ, ಹೇಳವಾ ತಂಗಿ, ಮಾಸ್ತರ, ಒಪ್ಪಿಕೊಂಡಿದ್ದೇನೆ ಅನ್ನೂದ್ರಾಗ ದ್ದ ಅಕ್ಷರದ ಹೊಟ್ಟಿ ಯಾಕ ಸೀಳೀರಿ, ಇದ್ಧೇನೆ ಅಂತ ಬರದೀರಿ? ವಯಸ್ಸಾತವಾ, ಕೈ ಅದರತಾವ. ಫಕ್ಕೀರಸಾಬಂದೂ ಅದರತಾವೇನ್ರಿ? ಐದೂ ಪತ್ರದಾಗ ಅದ ಸೀಳು, ತಿದ್ದಪ್ಪನ್ನ ಹಡದವರಿಗೇ ತಿದ್ದಪ್ಪ ಬೇಕಲ್ರೀ ಕೊಟ್ರೇಶ! ಮೂರ್ ವರ್ಷ ಒಂದು ಹೊಟ್ಟ್ಯಾಗ ಐದ್ ಮಂದಿ ಹೆಂಗ ಇಟ್ಕೊಂಡಿದ್ರಿ — ನಗೆ ಅವಳ ಮಾತನ್ನು ನುಂಗಿತು, ಪರವಾನಗಿ ಅಂದ್ರ ಪರವಾ ಇಲ್ಲ, ನಗಿ ಅಂತ ಇರಬೇಕು, ಮತ್ತೆ ನಗೆ, ಆ ನಾಲ್ಕ ಮಂದೀನ ತಗದ ಬಿಡ್ರಿ, ಇಬ್ಬರು ಒಪ್ಪಿದ್ರ ಸಾಕು, ನಂದು ಒಪ್ಪಿಗಿ ಐತಿ, ಇನ್ನ ಕೇಳೂದೇನೂ ಉಳೀಲಿಲ್ಲ ನೋಡ್ರಿ. ಅವನೂ ನಗಬೇಕು, ಬಾಯಿ ತೆರೆದ, ಮಾಸ್ತರ ನಗೆ ಬಂತು, ತಡೆದ, ಫಕ್ಕೀರಸಾಬನದು ಬಂತು, ತಡೆದ, ತನ್ನದು ಹೇಗಿತ್ತು, ಬಾಯಿ ತೆರೆದೇ ಇದೆ, ಕಿವಿಯಲ್ಲಿ ಅವಳ ನಗೆ, ಹೊಟ್ಟೆ ಹುಣ್ಣಾಗುವಂಥ ನಗೆ, ಅವಳ ನಗೆ —