ಒಂದೇ ಕಿವಿಯ ಸೀಟಿ

ಗಿರಣಿಯ ಫಿಟ್ಟರ್‌ಗೆ ಕಿವಿಯೇ ಕಸುಬು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕಿಟ್ಟು, ಹಿಡಿಯನ್ನು ಕಿವಿಗೊತ್ತಿ ಕೇಳಿದರೆ ಒಳಗಿನ ಕಾಯಿಲೆ ಗೊತ್ತಾಗುತ್ತಿತ್ತು. ಯಾವಾಗಲೂ ಬಲಗಿವಿಯಲ್ಲೇ ಕೇಳುತ್ತಿದ್ದವನು ಒಂದು ದಿನ ಗೋಡೆ ಅಡ್ಡ ಬಂದಿತೆಂದು ಎಡಗಿವಿಗೆ ಒತ್ತಿದ. ಸದ್ದೇ ಇಲ್ಲ. ಯಂತ್ರ ನಿಂತಿದೆಯೆಂದು ಮುಚ್ಚಳದೊಳಗೆ ಕೈ ಹಾಕಲು ಹೋದ. ಜೊತೆಯವನು ತೋಳು ಹಿಡಿದೆಳೆದ. "ತಲೆ ನೆಟ್ಟಗಿದೆಯೇನೋ? ಓಡ್ತಾ ಇದೆ!"

ಆಮೇಲೆ ಕರೆಂಟು ಹೋಗಿ ಗಿರಣಿಯೆಲ್ಲ ಸ್ತಬ್ಧವಾದಾಗಲೂ ಅವನಿಗೊಂದು ಸಣ್ಣ ಸೀಟಿ ಕೇಳಿಸಿತು. ಮೂಲೆಮೂಲೆ ಹುಡುಕಿದ. ಬೇರೆ ಯಾರಿಗೂ ಕೇಳಿಸಲಿಲ್ಲ. ಸೀಟಿ ಮನೆಗೂ ಹಿಂದೆಯೇ ಬಂತು. ಎಡಗಿವಿ ಮುಚ್ಚಿಕೊಂಡರೆ ಇನ್ನೂ ಜೋರಾಯಿತು. ಸದ್ದು ಹೊರಗಿಲ್ಲ, ತಲೆಯೊಳಗೇ ಇದೆ ಎಂದು ಅವನಿಗೆ ಆಗ ತಿಳಿಯಿತು.

ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ನಾದಿನಿ ಮನೆಗೆ ಬಂದಾಗ ಹೆಂಡತಿ ಎಲ್ಲ ಹೇಳಿದಳು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಗಿರಣಿ ಸದ್ದಿಗೆ ಕಿವಿ ಮಂದ ಆಗಿದೆ," ಅಂದ ಇವನು.

"ಗಿರಣಿ ನಿಮ್ಮ ಎಡಗಿವಿಗೊಂದೇ ಕೂಗುತ್ತಾ ಭಾವ? ಆ ಸದ್ದಿಗೆ ಸಾಮಾನ್ಯವಾಗಿ ಎರಡೂ ಕಿವಿ ಮಂದ ಆಗುತ್ತೆ. ನಾಳೇನೇ ಬನ್ನಿ."

ಪರೀಕ್ಷೆಯಲ್ಲಿ ಬಲಗಿವಿ ಚೆನ್ನಾಗಿತ್ತು, ಎಡಗಿವಿ ಬಹಳ ಹಿಂದೆ ಬಿದ್ದಿತ್ತು. ವೈದ್ಯರು ತಲೆಯ ಎಂಆರ್‌ಐ ಸ್ಕ್ಯಾನಿಗೆ ಬರೆದುಕೊಟ್ಟರು.

"ಕಿವಿಗೆ ಬಂದಿದ್ದಕ್ಕೆ ತಲೆಗೆ ಸ್ಕ್ಯಾನ್ ಯಾಕಮ್ಮಾ?" ಅವನು ನಾದಿನಿಯನ್ನು ಕೇಳಿದ.

"ಕಿವಿಯಿಂದ ಮೆದುಳಿಗೆ ಹೋಗೋ ನರದ ಮೇಲೆ ಗಂಟೇನಾದ್ರೂ ಇದೆಯಾ ಅಂತ ನೋಡ್ತಾರೆ. ಹೆಚ್ಚಿನವರಿಗೆ ಇರಲ್ಲ. ಆದ್ರೆ ಆ ಯಂತ್ರ ದೊಡ್ಡ ಆಯಸ್ಕಾಂತ. ಹಿಂದೊಮ್ಮೆ ಗಿರಣಿಯಲ್ಲಿ ನಿಮ್ಮ ಕಣ್ಣಿಗೆ ಕಬ್ಬಿಣದ ಚೂರು ಹಾರಿತ್ತಲ್ಲ, ಒಳಗೆ ಉಳಿದಿದ್ರೆ ಎಳೆದುಬಿಡುತ್ತೆ, ಅದನ್ನ ಮೊದಲೇ ಹೇಳಿಬಿಡಿ."

ಕಣ್ಣಲ್ಲಿ ಚೂರು ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಸ್ಕ್ಯಾನ್ ಮಾಡಿದರು. ಅವನಿಗೆ ಗಂಟಿತ್ತು. ಕಡಲೆಕಾಳಿನಷ್ಟು.

"ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುವಂಥದ್ದು. ಚಿಕ್ಕದಿರುವಾಗಲೇ ಸಿಕ್ಕಿದೆ, ಚಿಕಿತ್ಸೆಗೆ ದಾರಿ ಇದೆ," ಅಂದರು ವೈದ್ಯರು. "ಆದರೆ ಹೋದ ಕೇಳುವ ಶಕ್ತಿ ವಾಪಸ್ಸು ಬರೋದು ಕಷ್ಟ."

ಹೊರಗೆ ಬಂದು ಬೆಂಚಿನ ಮೇಲೆ ಅವನ ಎಡಕ್ಕೆ ಕೂತು ಹೆಂಡತಿ ಕೇಳಿದಳು, "ಊಟಕ್ಕೆ ಕೂತಾಗೆಲ್ಲ ನಾನು ನಿಮ್ಮ ಎಡಗಡೆಯಿಂದಲೇ ಮಾತಾಡ್ತಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ್ನಾ?"

"ಕೇಳಿಸಿದವನ ಹಾಗೆ ತಲೆ ಆಡಿಸ್ತಿದ್ದೆ ಕಣೇ." ಅವಳು ಎದ್ದು ಅವನ ಬಲಕ್ಕೆ ಬಂದು ಕೂತಳು.

ಅಕ್ಕಂದಿರೇ, ಅಣ್ಣಂದಿರೇ, ಎರಡೂ ಕಿವಿ ಒಂದೇ ಸಮ ಗುಂಯ್ ಅಂದರೆ ಎಲ್ಲರಿಗೂ ಎಂಆರ್‌ಐ ಬೇಕಾಗಲ್ಲ; ಮೊದಲು ಕಿವಿ ಪರೀಕ್ಷೆ ಮಾಡಿಸಿ. ಆದರೆ ಒಂದೇ ಕಿವಿ ಮಂದವಾದರೆ, ಒಂದರಲ್ಲೇ ಸದ್ದು ನಿಲ್ಲದಿದ್ದರೆ, ಸದ್ದು ನಾಡಿಯಂತೆ ಬಡಿದರೆ, "ಸ್ಕ್ಯಾನ್ ಬೇಕಾ?" ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಿ. ದಿಢೀರನೆ ಕೇಳಿಸದಂತಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಈಗ ಒಂದೊಂದೇ ಕಿವಿ ಮುಚ್ಚಿ, ಪಕ್ಕದವರಿಗೆ ಮೆಲ್ಲಗೆ ಏನಾದರೂ ಹೇಳಲು ಹೇಳಿ. ಎರಡರಲ್ಲೂ ಕೇಳಿಸಿತಾ?