ಎಣ್ಣೆ ಬಟ್ಟಲು

ನಮ್ಮ ಮನೆಯಲ್ಲಿ ಒಂದು ಹಿತ್ತಾಳೆ ಬಟ್ಟಲಿದೆ. ಅಂಗೈಯಗಲದ್ದು, ತಳ ಕಪ್ಪಾಗಿದೆ, ಅಂಚು ಒಂದು ಕಡೆ ನೆಗ್ಗಿದೆ. ಮೂರು ವರ್ಷ, ದಿನಕ್ಕೆ ಎರಡು ಸಲ, ಅದರಲ್ಲಿ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ನಮ್ಮತ್ತೆಯ ಬೆನ್ನಿಗೂ ಸೊಂಟಕ್ಕೂ ತಿಕ್ಕಿದ್ದೇನೆ. ಎಣ್ಣೆಯ ಹದ ನೋಡಲು ಕಿರುಬೆರಳು ಅದ್ದುವ ಅಭ್ಯಾಸ ನನಗೆ ಇನ್ನೂ ಹೋಗಿಲ್ಲ. ಸ್ನಾನದ ಬಕೆಟ್ಟಿಗೂ ಕಿರುಬೆರಳನ್ನೇ ಅದ್ದುತ್ತೇನೆ.

ಅತ್ತೆಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋದಾಗ ನಾನು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುತ್ತಿದ್ದೆ. ಬೇರೆಯವರ ತಪ್ಪು ಹುಡುಕುವುದು ನನ್ನ ಉದ್ಯೋಗ. ಅದರಲ್ಲಿ ನನಗೆ ಒಳ್ಳೆಯ ಹೆಸರಿತ್ತು, ಒಂದಿಷ್ಟು ಕೊಬ್ಬೂ ಇತ್ತು. ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿಕೊಂಡು ಅತ್ತೆಯನ್ನು ನೋಡಿಕೊಂಡೆ. ಅವರ ಸೊಂಟದ ಮೂಳೆಯ ಮೇಲೆ ಚರ್ಮ ಕೆಂಪಗೆ ಕಂಡ ದಿನದಿಂದ, ರಕ್ತ ಓಡಾಡಲಿ ಎಂದು, ಅಲ್ಲಿಗೆ ಇನ್ನಷ್ಟು ಹೊತ್ತು ತಿಕ್ಕಿದೆ. ಅತ್ತೆ ಪ್ರತಿಸಲ "ಸಾಕು ಬಿಡವ್ವ, ನಿನ್ ಕೈ ನೋಯ್ತದೆ" ಅನ್ನುತ್ತಿದ್ದರು.

"ನಂಗೇನೂ ಆಗಲ್ಲ, ಸುಮ್ನಿರಿ ಅತ್ತೆ," ಎಂದು ನಾನು ಇನ್ನೂ ಹತ್ತು ಸಲ ತಿಕ್ಕುತ್ತಿದ್ದೆ. ಸೊಸೆಗೆ ತೊಂದರೆ ಕೊಡಬಾರದೆಂಬ ಸಂಕೋಚ ಅವರದು ಎಂದುಕೊಂಡಿದ್ದೆ.

ಕೆಂಪಗಿದ್ದದ್ದು ಹುಣ್ಣಾಯಿತು, ಹುಣ್ಣು ಮೂಳೆಯವರೆಗೂ ಇಳಿಯಿತು. ಮಲಗಿದಲ್ಲೇ ಇರುವವರಿಗೆ ಅದು ತಪ್ಪಿದ್ದಲ್ಲ ಎಂದು ಎಲ್ಲರೂ ಹೇಳಿದರು. ಕೊನೆಗೆ ಆ ಕೀವಿನ ಜ್ವರದಲ್ಲೇ ಅತ್ತೆ ಹೋದರು. ತಿಥಿಯ ಊಟಕ್ಕೆ ಬಂದವರೆಲ್ಲ ಒಂದೇ ಮಾತು: "ಸೊಸೆ ಅಂದ್ರೆ ಹಿಂಗಿರ್ಬೇಕು. ಯಾವ ನರ್ಸು ಮಾಡ್ತಾಳೆ ಇಷ್ಟು?"

ಹೊಗಳಿಕೆ ಯಾರಿಗೆ ಬೇಡ? ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮೂರು ತಿಂಗಳ ಮೇಲೆ ನಮ್ಮೂರ ನರ್ಸಿಂಗ್ ಸ್ಕೂಲಿನ ಪ್ರಕಟಣೆಯ ಕರಡು ತಿದ್ದಲೆಂದು ನನ್ನ ಮೇಜಿಗೇ ಬಂತು. ವಯಸ್ಸಿನ ಮಿತಿ ನಲವತ್ತೈದು ಎಂದಿತ್ತು. ತಪ್ಪಿರಬೇಕೆಂದು ಮೂಲಪ್ರತಿ ತರಿಸಿ ನೋಡಿದೆ. ತಪ್ಪಿರಲಿಲ್ಲ.

ನಮ್ಮ ಯಜಮಾನರಿಗೆ ಸೈಕಲ್ ರಿಪೇರಿ ಅಂಗಡಿ. ಮಾತು ಕಡಿಮೆ, ಆಡಿದರೆ ಕೊಂಕು. "ನಲವತ್ತೊಂದಕ್ಕೆ ಎಲ್ಲರಿಗೂ ಕಣ್ಣಿಗೆ ಚಾಳೀಸು ಬರ್ತದೆ, ನಿನಗೆ ಸ್ಕೂಲು ಬಂತಾ?" ಎಂದರು.

"ಎರಡೂ ಬಂದಿವೆ."

"ಕೈಲಿರೋ ಕೆಲ್ಸ ಬಿಟ್ಟು?"

"ನಂಗೆ ಚೆನ್ನಾಗಿ ಬರೋ ಕೆಲ್ಸ ಅಂದ್ರೆ ಅದೇ ರೀ. ಮೂರು ವರ್ಷ ಮಾಡಿಲ್ವಾ?"

ಅವರು ತಟ್ಟೆ ನೋಡುತ್ತಾ ಊಟ ಮುಗಿಸಿ ಎದ್ದುಹೋದರು. ಒಪ್ಪಿದರು ಎಂದುಕೊಂಡೆ.

ಸ್ಕೂಲಿನ ಮುಖ್ಯಸ್ಥೆ ಯೂನಿಸ್ ಸಿಸ್ಟರ್ ಎಂಬ ತೆಳ್ಳನೆಯ ಹೆಂಗಸು. ವಯಸ್ಸಾದವರು ಮೊದಲು ಮೂರು ದಿನ ಬಂದು ಕೂತು ನೋಡಬೇಕು, ಆಮೇಲೆ ಮನಸ್ಸಿದ್ದರೆ ಅರ್ಜಿ ಕೊಡಬೇಕು ಎಂಬುದು ಅವರ ಕಟ್ಟಳೆ. ಎರಡನೆಯ ದಿನ ಮಂಚದ ಮೇಲೆ ಆಳೆತ್ತರದ ಬಟ್ಟೆಬೊಂಬೆ ಮಲಗಿಸಿ, "ಹಾಸಿಗೆ ಹಿಡಿದವರ ಸೇವೆ ಯಾರಾದರೂ ಮಾಡಿದ್ದೀರಾ?" ಎಂದು ಕೇಳಿದರು. ಹದಿನೆಂಟು ಹತ್ತೊಂಬತ್ತರ ಹುಡುಗಿಯರೆಲ್ಲ ತಲೆ ತಗ್ಗಿಸಿದರು. ನಾನು ಎದ್ದುನಿಂತೆ. ಇದಕ್ಕೆಂದೇ ಕಾದಿದ್ದೆ ಎಂದರೂ ಸರಿಯೆ.

ಬೊಂಬೆಯನ್ನು ಸಲೀಸಾಗಿ ಮಗ್ಗುಲಿಗೆ ಹೊರಳಿಸಿದೆ. ಎಣ್ಣೆ ಕೇಳಿದೆ. "ಇದ್ದಂತೆ ಮಾಡಿ," ಎಂದರು ಸಿಸ್ಟರ್. ಇಲ್ಲದ ಬಟ್ಟಲಿಗೆ ಕಿರುಬೆರಳು ಅದ್ದಿ, ಸೊಂಟದ ಮೂಳೆಯ ಹತ್ತಿರ ತಿಕ್ಕುತ್ತಾ, "ಇಲ್ಲಿ ಕೆಂಪಗಾದ್ರೆ ಇನ್ನೂ ಒತ್ತಿ ತಿಕ್ಕಬೇಕು, ಬಿಡಬಾರದು" ಎಂದು ಹುಡುಗಿಯರಿಗೆ ಪಾಠವನ್ನೂ ಹೇಳಿದೆ.

ಸಿಸ್ಟರ್ ನನ್ನನ್ನು ನಡುವೆ ತಡೆಯಲಿಲ್ಲ. ನಾನು ಮುಗಿಸಿದ ಮೇಲೆ ಮೆಲ್ಲಗೆ ಹೇಳಿದರು: "ಹೊರಳಿಸಿದ್ದು ಬಹಳ ಚೆನ್ನಾಗಿತ್ತು. ಆದರೆ ಕೆಂಪಾದ ಜಾಗವನ್ನ ಯಾವತ್ತೂ ತಿಕ್ಕಬಾರದು. ಒಳಗಿನ ಮಾಂಸಕ್ಕೆ ಆಗಲೇ ಪೆಟ್ಟಾಗಿರುತ್ತೆ, ತಿಕ್ಕಿದರೆ ಹುಣ್ಣು ಬೇಗ ಆಗುತ್ತೆ. ಅದರ ಮೇಲಿನ ಭಾರ ತಪ್ಪಿಸಬೇಕು, ಅಷ್ಟೆ. ನೋವೂ ಬಹಳ ಇರುತ್ತೆ ಪಾಪ."

ಹುಡುಗಿಯರು ಬರೆದುಕೊಂಡರು. ನಾನು ಹೋಗಿ ಬೆಂಚಿನ ಮೇಲೆ ಕೂತೆ. ಆಮೇಲೆ ಅವರು ಏನು ಹೇಳಿದರೋ ನೆನಪಿಲ್ಲ.

ಸಾಯಂಕಾಲ ನೇರ ಅಂಗಡಿಗೇ ಹೋದೆ. ನಮ್ಮವರು ಚೈನಿನ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಸಿಸ್ಟರ್ ಹೇಳಿದ್ದನ್ನೆಲ್ಲ ಹೇಳಿ, "ಅತ್ತೆಗೆ ನೋಯ್ತಿತ್ತಾ?" ಎಂದು ಕೇಳಿದೆ.

ಅವರು ಚೈನನ್ನು ಕೆಳಗಿಟ್ಟು ಕೈ ಒರೆಸಿಕೊಂಡರು. "ಅವ್ವ ಒಂದ್ಸಲ ಹೇಳಿದ್ಲು. ಅವಳು ತಿಕ್ಕುವಾಗ ಜೀವ ಹೋದಂಗಾಯ್ತದೆ ಕಣೋ ಅಂತ. ನಿಂಗೆ ಹೇಳ್ತೀನಿ ಅಂದೆ. ಬ್ಯಾಡ, ನೋಯ್ತದೆ ಅಂದ್ರೆ ಅವಳು ಮುಟ್ಟೋದೇ ಬಿಟ್ಬುಟ್ಟಾಳು, ಇನ್ಯಾರು ನನ್ನ ಮುಟ್ತಾರೆ ಅಂದ್ಲು. ಆಣೆ ಹಾಕಿಸ್ಕೊಂಡ್ಲು."

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಮೂರು ವರ್ಷ ಹೇಲುಚ್ಚೆ ಬಳಿದವಳು ಒಂದು ಮಾತಿಗೆ ಬಿಟ್ಟುಹೋಗುತ್ತಿದ್ದೆನೇ? ಮನೆಗೆ ಬಂದು ಒಲೆಯ ಪಕ್ಕದ ಬಟ್ಟಲನ್ನು ಎತ್ತಿ ಗೋಡೆಗೆ ಬೀಸಿದೆ. ಅಂಚು ನೆಗ್ಗಿದ್ದು ಆಗಲೇ. ಆದರೆ ನನ್ನ ಬುದ್ಧಿ ನನಗೆ ಗೊತ್ತು. ನನ್ನ ಕೆಲಸದಲ್ಲಿ ಯಾರು ತಪ್ಪು ತೋರಿಸಿದರೂ "ಬೇಡವಾದ್ರೆ ಬಿಡಿ" ಎಂದು ಮುಖ ತಿರುಗಿಸುವವಳು ನಾನು. ಅತ್ತೆಗೂ ಹಾಗೇ ಅನ್ನುತ್ತಿದ್ದೆ, ಎರಡು ದಿನ ಆ ಕಡೆ ಸುಳಿಯುತ್ತಿರಲಿಲ್ಲ. ಅವರು ನನ್ನನ್ನು ಸರಿಯಾಗಿಯೇ ಓದಿದ್ದರು. ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಮೂರನೆಯ ದಿನ ಸ್ಕೂಲಿಗೆ ಹೋಗಲಿಲ್ಲ. ಈ ಕೈ ಇಟ್ಟುಕೊಂಡು ಯಾವ ಮುಖದಲ್ಲಿ ಹೋಗುವುದು? ಬರೆದಿಟ್ಟಿದ್ದ ಕೆಲಸ ಬಿಡುವ ಪತ್ರ ಹರಿದುಹಾಕಿ ಮತ್ತೆ ಕರಡಿನ ಮುಂದೆ ಕೂತೆ. ವಾರ ಕಳೆಯಿತು. ಪುಟ ಮುಗಿದ ಮೇಲೆ ಏನು ತಿದ್ದಿದೆನೆಂದೇ ತಿಳಿಯುತ್ತಿರಲಿಲ್ಲ. ಅಚ್ಚಿನ ತಪ್ಪನ್ನು ಮುಂದಿನ ಮುದ್ರಣದಲ್ಲಿ ಸರಿಪಡಿಸಬಹುದು. ಅತ್ತೆಯದನ್ನು ಎಲ್ಲಿ ಸರಿಪಡಿಸುವುದು?

ಸೋಮವಾರ ಯೂನಿಸ್ ಸಿಸ್ಟರ ಮುಂದೆ ನಿಂತು, "ನಾನು ಒಬ್ಬರನ್ನ ಹಾಗೆ ಮೂರು ವರ್ಷ ತಿಕ್ಕಿದೀನಿ. ಅವರು ಈಗಿಲ್ಲ," ಎಂದೆ.

ಸಿಸ್ಟರ್ ನನ್ನ ಕೈಗಳನ್ನು ನೋಡಿದರು. ಸಮಾಧಾನ ಹೇಳಲಿಲ್ಲ. "ನಮಗೂ ಮೊದಲು ತಿಕ್ಕಿ ಅಂತಲೇ ಕಲಿಸಿದ್ದರು. ನಾನು ಎಷ್ಟು ಜನಕ್ಕೆ ತಿಕ್ಕಿದೀನೋ," ಎಂದರು. ಆಮೇಲೆ, "ಅರ್ಜಿ ತಂದಿದ್ದೀರಾ?" ಎಂದು ಕೇಳಿದರು.

ತಂದಿದ್ದೆ.

ನಾನು ಮೊದಲ ಸಲ ವಾರ್ಡಿಗೆ ಹೋದಾಗ ನನಗೆ ಒಪ್ಪಿಸಿದ್ದು ಹೊನ್ನಮ್ಮ ಎಂಬ ಮುದುಕಿಯನ್ನು. ತೊಡೆಯ ಮೂಳೆ ಮುರಿದಿತ್ತು, ನೋಡಲು ಬರುವವರು ಯಾರೂ ಇರಲಿಲ್ಲ. ಮಗ್ಗುಲು ಮಾಡಿಸಿ, ಸೊಂಟದ ಹತ್ತಿರ ಬೆರಳನ್ನು ಇಟ್ಟೂ ಇಡದಂತೆ ಇಟ್ಟು, "ನೋಯ್ತದಾ ಅಮ್ಮ?" ಎಂದು ಕೇಳಿದೆ.

"ಇಲ್ಲ ಕಣವ್ವ. ಏನೂ ಇಲ್ಲ," ಎಂದಿತು ಮುದುಕಿ ಹಲ್ಲು ಕಚ್ಚಿಕೊಂಡು.

ನಾನು ಬೆರಳು ತೆಗೆದೆ. ಸೊಂಟಕ್ಕೆ ಭಾರ ಬೀಳದಂತೆ ಬೆನ್ನಿಗೆ ದಿಂಬು ಕೊಟ್ಟು, ಸ್ಟೂಲು ಎಳೆದುಕೊಂಡು ಅವರ ಮುಖದ ಕಡೆಗೆ ಕೂತೆ. "ನೋಯ್ತದೆ ಅಂದ್ರೂ ನಾನು ಎದ್ದು ಹೋಗಲ್ಲ. ಇಲ್ಲೇ ಇರ್ತೀನಿ," ಎಂದೆ.

ಹೊನ್ನಮ್ಮ ನನ್ನನ್ನು ನೋಡಿದರು, ಬಾಗಿಲ ಕಡೆ ನೋಡಿದರು, ಮತ್ತೆ ನನ್ನನ್ನು ನೋಡಿದರು. ಆಮೇಲೆ ಹೊದಿಕೆಯ ಒಳಗಿಂದ ಅವರ ಕೈ ಬಂದು ನನ್ನ ಕಿರುಬೆರಳನ್ನು ಹಿಡಿದುಕೊಂಡಿತು.

"ನೋಯ್ತದೆ," ಎಂದರು.