ಸೀಮೆಸುಣ್ಣದ ಸೊನ್ನೆ

ದಬ್ — ಇದಲ್ಲ, ಕೆಳಗಿಡು, ಪಕ್ಕದ್ದು, ಗೆಣ್ಣಿನ ಕೆಳಗೆ ಟಣ್ಣೆಂದಿತು, ಪರವಾಗಿಲ್ಲ, ಆದರೆ ದನಿಯ ತುದಿ ಒಣಗಿದೆ, ನೀರು ಕಡಿಮೆ, ಬೇಡ, ಆಟೋ ಹಾರ್ನು, ಮಾರು ಸೇವಂತಿಗೆ ಎಂಬ ಕೂಗು, ಇಡೀ ಗಾಂಧಿ ಬಜಾರು ಬಾಯಿಬಿಟ್ಟುಕೊಂಡಿದ್ದರೂ ಕಾಯಿಯ ದನಿ ನನಗೆ ಬೇರೆಯಾಗಿಯೇ ಕೇಳುತ್ತದೆ, ಏನಕ್ಕಾ, ಕಾಯಿ ತಗೊಳ್ತೀಯೋ ಸಂಗೀತ ಕೇಳ್ತೀಯೋ, ಅಂಗಡಿಯ ವಿಶಾಲಮ್ಮ ನಗುತ್ತಾಳೆ, ಒಂದೇ ಒಂದು ಬೇಕಮ್ಮ, ಈಡುಗಾಯಿಗೆ, ನಮ್ಮ ಆಫೀಸಿನೋರು ಒಡೀತಾರೆ, ಅಯ್ಯೋ, ಈಡುಗಾಯಿಗೆ ಇಷ್ಟೊಂದು ಪರೀಕ್ಷೇನಾ, ಹೆಂಗಿದ್ರೂ ಚೂರಾಗೋದೇ ತಾನೆ. ಚೂರಾಗುವುದೇ. ಆ ಮಾತು ಎದೆಯೊಳಗೆ ಹೊಕ್ಕು ಅಲ್ಲೇ ಕೂತಿತು, ನಿನ್ನೆ ಗೌರೀಶನ ಫೋನು ಕೂತ ಜಾಗದಲ್ಲೇ — ಪ್ರೇಮಲತಾ ಮೇಡಂ, ನಾಳೆ ರಾಕೆಟ್ಟಿನ ಬೂಸ್ಟರ್ ಲಾರಿ ಹತ್ತುತ್ತೆ, ಹೊರಡೋ ಮುಂಚೆ ಬಸವನಗುಡೀಲಿ ಗಣಪತಿಗೆ ಒಂದು ಈಡುಗಾಯಿ, ನೀವು ಹೇಗೂ ಎನ್.ಆರ್. ಕಾಲೋನೀಲೇ ಇರೋದಲ್ವಾ, ಕಾಯಿ ನೀವೇ ಆರಿಸ್ಕೊಂಡ್ ಬನ್ನಿ, ನಿಮ್ಮ ಕಿವಿ ಅಷ್ಟೊಂದು ಚೆನ್ನಾಗಿದೆಯಲ್ಲ — ಹಿಂದೆ ಯಾರೋ ಕಿಸಕ್ಕೆಂದರು, ಸ್ಪೀಕರಿನಲ್ಲಿ ಹಾಕಿಕೊಂಡಿದ್ದ.

ನನ್ನ ಕಿವಿ. ಅದು ಅಪ್ಪ ತಿದ್ದಿದ ಕಿವಿ, ಗಮಕಿ ನರಸಿಂಹಯ್ಯನವರು ಸಂಜೆ ಜಗಲಿಯಲ್ಲಿ ಪದ್ಯ ಹಾಡುವಾಗ ಬೇಕೆಂದೇ ಒಂದು ಮಾತ್ರೆ ನುಂಗಿ ನನ್ನ ಮುಖ ನೋಡುತ್ತಿದ್ದರು, ನಾನು ಬೆರಳೆತ್ತಬೇಕು, ಎತ್ತದಿದ್ದರೆ ತೊಡೆಗೆ ಚಿವುಟು, ಮೂರು ನಾಲ್ಕು ಮೂರು ನಾಲ್ಕು, ಎಲ್ಲಿ ಜಾರಿತು ಹೇಳು ಪುಟ್ಟಿ. ಸೇಡಿನ ಪದ್ಯ ಬಂದರೆ ಬೇರೆಯವರು ದನಿ ಎತ್ತುತ್ತಿದ್ದರು, ಅಪ್ಪ ಇಳಿಸುತ್ತಿದ್ದರು, ಇಳಿಸಿ ಇಳಿಸಿ ಕೊನೆಗೆ ಸಭೆಯೇ ಮುಂದಕ್ಕೆ ಬಾಗಬೇಕು, ಹಾಗೆ. ಮೂರು ವಾರದ ಹಿಂದೆ ಊರಾಚೆಯ ಶೆಡ್ಡಿನಲ್ಲಿ, ಮಲಗಿಸಿದ ಬೂಸ್ಟರಿನ ಉದ್ದಕ್ಕೂ ರೂಪಾಯಿ ನಾಣ್ಯ ತಟ್ಟುತ್ತ ನಡೆದಿದ್ದೆ, ಯಂತ್ರದ ಪರೀಕ್ಷೆ ಮುಗಿದ ಮೇಲೂ ಅದು ನನ್ನ ಹಳೇ ಅಭ್ಯಾಸ, ಟಣ್ ಟಣ್ ಟಣ್ ದಬ್. ಮಾತ್ರೆ ಜಾರಿತು. ಮತ್ತೆ ತಟ್ಟಿದೆ, ಮೂರನೇ ಬೆಸುಗೆಯ ಕೆಳಗೆ, ಒಂದು ಅಂಗೈ ಅಗಲ, ದಬ್ — ಒಳಗಿನ ರಬ್ಬರಿನಂಥ ಇಂಧನ ಕವಚದ ಗೋಡೆಯನ್ನು ಅಲ್ಲಿ ಬಿಟ್ಟಿದೆ. ಬೆಂಕಿ ಒಳಗಿನಿಂದ ಹೊರಕ್ಕೆ ಸಮನಾಗಿ ತಿನ್ನುತ್ತ ಬರಬೇಕು, ಇಂಥ ಸಂದಿ ಸಿಕ್ಕರೆ ನುಗ್ಗಿ ನೇರ ಗೋಡೆಗೇ ಬಾಯಿ ಹಾಕುತ್ತದೆ, ದ್ರವ ಇಂಧನದ ಎಂಜಿನ್ನಾದರೆ ಕೊಳವೆ ಮುಚ್ಚಿ ಆರಿಸಬಹುದು, ಇದು ಹೊತ್ತಿಕೊಂಡರೆ ಹೊತ್ತಿಕೊಂಡದ್ದೇ, ಮುಗಿಯುವ ತನಕ ಯಾರ ಮಾತೂ ಕೇಳುವುದಿಲ್ಲ. ಸೀಮೆಸುಣ್ಣದಲ್ಲಿ ಅಲ್ಲಿ ಒಂದು ಸುತ್ತು ಬರೆದೆ. ಯಾರ್ರೀ ಇದು ಸೊನ್ನೆ ಸುತ್ತಿರೋದು, ಗೌರೀಶ್ ಬಂದ, ಮಗನ ವಯಸ್ಸಿನವನು, ಕಂಪನಿಯ ನಿರ್ದೇಶಕ, ಸಾರ್, ಇಲ್ಲಿ ಬಿಟ್ಕೊಂಡಿದೆ, ಇನ್ನೊಂದ್ಸಲ ಸ್ಕ್ಯಾನ್ ಮಾಡಿಸಿ, ಹತ್ತು ದಿನ ಆಗಬಹುದು, ಸ್ಕ್ಯಾನ್ ಚಿತ್ರ ನೋಡಿದೀನಿ ಮೇಡಂ, ಕ್ಲೀನ್, ಸಾರ್, ಆ ಜಾಗದಲ್ಲಿ ಚಿತ್ರ ಮಸುಕು, ರೀ, ಇನ್ನು ಹತ್ತು ವರ್ಷಕ್ಕೆ ಜನ ಮೆಜೆಸ್ಟಿಕ್‌ಗೆ ಹೋದಂಗೆ ಮೇಲಕ್ಕೆ ಹೋಗಿಬರ್ತಾರೆ, ನೀವಿನ್ನೂ ಕಾಸು ತಟ್ಕೊಂಡು ಕೂತಿದೀರ, ಏನಾದ್ರೂ ಆದ್ರೆ ಜನ ಕೂರೋ ಕ್ಯಾಪ್ಸೂಲು ಕಿತ್ಕೊಂಡು ದೂರ ಹಾರುತ್ತೆ, ಅದಕ್ಕೇ ಬೇರೆ ಮೋಟಾರಿದೆ, ಕಿವಿ ರಿಪೋರ್ಟ್ ಅಲ್ಲ ಕಣಮ್ಮಾ — ಎಂದು ಹೆಬ್ಬೆರಳಿನಲ್ಲಿ ಸೊನ್ನೆಯನ್ನು ಒರೆಸಿದ. ನಿಧಾನವಾಗಿ. ಬೆರಳು ಬೆಳ್ಳಗಾಯಿತು, ಪ್ಯಾಂಟಿಗೆ ಸವರಿಕೊಂಡ, ಮಾರನೇ ದಿನ ನಾನು ಫೈಲು ಜೋಡಿಸುವ ವಿಭಾಗದಲ್ಲಿದ್ದೆ.

ಅದನ್ನೂ ನುಂಗಿದ್ದೆ. ಆದರೆ ಆ ಹುಡುಗಿ ಬಂದಳು, ಲಾವಣ್ಯಾ, ಇದೇ ಬೂಸ್ಟರಿನ ಮೇಲೆ ಕೂತು ಬಾಹ್ಯಾಕಾಶಕ್ಕೆ ಹೋಗುವ ಮೂವರಲ್ಲಿ ಒಬ್ಬಳು, ಅಕ್ಕಾ, ಗಟ್ಟಿ ಇದೆಯಾ ಎಂದು ನನ್ನನ್ನೇ ಕೇಳಿದಳು, ನಾನು ಬಾಯಿ ತೆರೆಯುವುದರೊಳಗೆ ಗೌರೀಶ್, ಕಲ್ಲು ಥರ ಇದೆ ಎಂದ, ನಾನು ಬಾಯಿ ಮುಚ್ಚಿದೆ, ಮುಚ್ಚಿದ ಆ ಬಾಯಿಯ ಲೆಕ್ಕವನ್ನೂ ನಿನ್ನ ಹೆಸರಿಗೇ ಹಾಕುತ್ತೇನೆ ಗೌರೀಶ್. ಈಗ ಅಂಗಡಿಯ ಮುಂದೆ, ಎಡಗೈಯಲ್ಲಿ ಮತ್ತೆ ಎತ್ತಿಕೊಂಡ ದಬ್ಬೆಂದ ಕೊಳೆತ ಕಾಯಿ, ಬಲಗೈಯಲ್ಲಿ ಗಂಟೆಯಂಥದು, ದುಡ್ಡು ಹಾಕಿದವರು, ಕ್ಯಾಮೆರಾದವರು ಎಲ್ಲರ ಮುಂದೆ ಕೊಳೆತದ್ದು ಕಲ್ಲಿಗೆ ಬಿದ್ದು ಕರೀ ನೀರು ನಿನ್ನ ರೇಷ್ಮೆ ಪಂಚೆಗೆ ಸಿಡಿಯಲಿ, ನಾತಕ್ಕೆ ಎಲ್ಲರೂ ಮೂಗು ಮುಚ್ಚಲಿ — ಆದರೆ ಗಣಪತೀ, ಗೊತ್ತಿದ್ದೂ ಗೊತ್ತಿದ್ದೂ ನಿನ್ನ ಮುಂದೆ ಕೊಳೆತದ್ದು ಒಡೆಸಲೇ, ಅವನ ಮೇಲಿನ ಹಗೆಗೆ ನಿನ್ನ ಕಲ್ಲು ಯಾಕೆ ಹೊಲಸಾಗಬೇಕು. ಇದನ್ನು ಕೊಡಮ್ಮ. ಬಲಗೈಯದು. ಕೊಳೆತದ್ದನ್ನು ಬುಟ್ಟಿಯಾಚೆ ಎಸೆ, ಇನ್ಯಾರಿಗೂ ಮಾರಬೇಡ. ಗುಡಿಯ ದಾರಿಯಲ್ಲಿ ಚೀಲದೊಳಗೆ ಕೈ ಹೋಯಿತು, ತಳದಲ್ಲಿ ಶೆಡ್ಡಿನ ತುಂಡು ಸೀಮೆಸುಣ್ಣ ಇನ್ನೂ ಇದೆ, ನಿಂತೆ, ಅದಕ್ಕೆ ಎಂಜಲು ಹಚ್ಚದೆ ನೀರು ಮುಟ್ಟಿಸಿ ಕಾಯಿಯ ಹೊಟ್ಟೆಯ ಮೇಲೆ ಬರೆದೆ, ದಪ್ಪಗೆ, ದುಂಡಗೆ.

ತನ್ನಿ ಮೇಡಂ ತನ್ನಿ, ಹೊತ್ತಾಯ್ತು, ಲಾರಿಯವನು ಕಾಯ್ತಿದಾನೆ, ಗೌರೀಶ್ ನೋಡದೆ ಇಸಿದುಕೊಂಡ, ಕೈ ತಲೆಯ ಮೇಲಕ್ಕೆ ಹೋಯಿತು, ಎಲ್ಲರೂ ಹಿಂದೆ ಸರಿದರು, ಸರಿದವರ ನಡುವೆ ಲಾವಣ್ಯಾ, ಕೈ ಮುಗಿದಿದ್ದಾಳೆ — ಕೈ ಅಲ್ಲೇ ನಿಂತಿತು. ಇಳಿಯಿತು. ಹೆಬ್ಬೆರಳ ಪಕ್ಕ ಸೊನ್ನೆ. ಯಾಕೆ ಗೌರೀಶ್, ಒಡೀರಿ, ದುಡ್ಡು ಹಾಕಿದ ಯೋಗಾನಂದ ಅವರೆಂದರು, ಗೌರೀಶ್ ನನ್ನ ಕಡೆ ನೋಡಿದ, ನಾನು ಕಣ್ಣು ತಗ್ಗಿಸಲಿಲ್ಲ, ಮೇಡಂ, ಇದು... ಗಟ್ಟಿ ಇದೆಯಾ. ಅಪ್ಪನಂತೆ ದನಿ ಇಳಿಸಿದೆ, ಎಲ್ಲರೂ ಮುಂದಕ್ಕೆ ಬಾಗುವಷ್ಟು, ನೀವೇ ಕೇಳಿ ನೋಡಿ ಸಾರ್. ಅವನ ಹೆಬ್ಬೆರಳು ತಾನಾಗಿಯೇ ಸೊನ್ನೆಯನ್ನು ಒರೆಸಹೋಯಿತು, ಅರ್ಧಕ್ಕೆ ನಿಂತಿತು, ಮತ್ತೆ, ಇಷ್ಟು ಜನರ ಮುಂದೆ, ಕಾಯಿಯನ್ನು ಕಿವಿಗೆ ಹಿಡಿದ, ಅಲ್ಲಾಡಿಸಿದ, ಗೆಣ್ಣಿನಲ್ಲಿ ತಟ್ಟಿದ, ಟಣ್, ಮತ್ತೆ ತಟ್ಟಿದ, ಹಣೆಯಲ್ಲಿ ಬೆವರು, ಏನ್ ಕೇಳಿಸ್ತಿದೆ ಸಾರ್, ಲಾವಣ್ಯಾ ಹತ್ತಿರ ಬಂದು ಕೇಳಿದಳು, ಯಾಕೆ ಸೊನ್ನೆ ಹಾಕಿದಾರೆ ಅಕ್ಕಾ, ಅದೊಂದು ಗಟ್ಟಿ ಕಾಯಿ, ಇಡೀ ಬಜಾರಿನಲ್ಲೇ ಗಟ್ಟಿ, ನನಗೆ ಗೊತ್ತು, ಗಣಪತಿಗೆ ಗೊತ್ತು, ಅವನಿಗೆ ಗೊತ್ತಿಲ್ಲ, ಹೇಳ್ತೀನಿ ಲಾವಣ್ಯಾ, ಈ ಸಲ ಎಲ್ಲಾ ಹೇಳ್ತೀನಿ, ಒಂದು ನಿಮಿಷ ಇರು, ಮೊದಲು ಇವರು ಕೇಳಲಿ, ಲಾರಿ ನಿಂತಿದೆ, ಅವನು ಇನ್ನೂ ತಟ್ಟುತ್ತಿದ್ದಾನೆ, ಕಿವಿಗೆ ಒತ್ತಿದ ಕಾಯಿ, ಅದರ ಮೇಲೆ ಅರ್ಧ ಸೊನ್ನೆ, ಮತ್ತೆ ಆ ಹೆಬ್ಬೆರಳು, ಬೆಳ್ಳಗೆ —